ವಿಮೆರಾಲ್: ಕಾಲು ಸೋತ ಹೇಂಟೆಗೆ ಎಷ್ಟು ಉಪಯೋಗ?

ಮೊದಲೇ ಹೇಳಿಬಿಡುತ್ತೇನೆ, ಕೋಳಿಗೆ ಕೊಡುವ ವಿಟಮಿನ್ ದ್ರವ ಈ ವಿಮೆರಾಲ್, ಒಳ್ಳೆಯ ಔಷಧಿ. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದವರು ಧೈರ್ಯವಾಗಿ ತಂದಿಟ್ಟುಕೊಳ್ಳಬಹುದು. ಆದರೆ ಕೋಳಿ ಕಾಲು ಊರುತ್ತಿಲ್ಲ ಎಂದ ಕೂಡಲೇ ಎಲ್ಲರೂ ಇದೊಂದರ ಹೆಸರನ್ನೇ ಹೇಳುತ್ತಾರಲ್ಲ, ಅದು ಅರ್ಧ ಮಾತು. ಉಳಿದರ್ಧ ಆ ಬಾಟಲಿಯಲ್ಲಿ ಇಲ್ಲ.

ನಮ್ಮದು ಕರಾವಳಿ, ಸಾಕಿರುವುದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಮಾಡಿದ ತಳಿ ಇದು. ಊರ ಕೋಳಿಗಿಂತ ಮೈ ಭಾರ, ಮೊಟ್ಟೆಯೂ ಜಾಸ್ತಿ. ಮಳೆಗಾಲ ಹಿಡಿಯಿತೆಂದರೆ ಇಲ್ಲಿ ಗೂಡಿನ ಬಾಗಿಲು ತೆಗೆಯುವ ಹಾಗೇ ಇರುವುದಿಲ್ಲ. ಬಿಸಿಲು ಬೀಳದಿದ್ದರೆ ಕೋಳಿಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಮೊಟ್ಟೆ ಮಾತ್ರ ತನ್ನ ಪಾಡಿಗೆ ಬರುತ್ತಲೇ ಇರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದದ್ದರಲ್ಲಿ ಸಿಗದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ನಮ್ಮ ಹೇಂಟೆಯದ್ದೂ ಇದೇ ಕಥೆ. ಮೊದಲು ಮೊಟ್ಟೆಯ ಚಿಪ್ಪು ತೆಳುವಾಯಿತು, ಬೆರಳು ಒತ್ತಿದರೆ ಒಳಗೆ ಹೋಗುವಷ್ಟು. ಆಮೇಲೆ ಕುಂಟು ಶುರು. ಎರಡು ಹೆಜ್ಜೆ ಇಡುವುದು, ಮೊಣಕಾಲೂರಿ ಕೂರುವುದು, ರೆಕ್ಕೆ ನೆಲಕ್ಕೆ ಒತ್ತಿ ಏಳಲು ನೋಡುವುದು. ಕಣ್ಣು ಚುರುಕು, ಹಸಿವೂ ಚೆನ್ನಾಗಿಯೇ ಇತ್ತು.

ಅಂಗಡಿಯಲ್ಲಿ (ಹೆಸರು ಬೇಡ, ಎಲ್ಲಾ ಕಡೆ ಇದೇ ಪಾಡು) ಕೋಳಿಗೆ ಎಷ್ಟು ವಯಸ್ಸು, ಏನು ತಿನ್ನುತ್ತದೆ ಅಂತ ಒಂದು ಮಾತೂ ಕೇಳಲಿಲ್ಲ. ವಿಮೆರಾಲ್ ಜೊತೆಗೆ ಒಂದು ಆಂಟಿಬಯೋಟಿಕ್ ಪುಡಿಯನ್ನೂ ಕವರಿಗೆ ಹಾಕಿದರು. ಪುಡಿ ವಾಪಸ್ ಕೊಟ್ಟೆ. ಜ್ವರ ಇಲ್ಲ, ಭೇದಿ ಇಲ್ಲ, ಸುಮ್ನೆ ಯಾಕೆ ಆಂಟಿಬಯೋಟಿಕ್?

ಈಗ ಬಾಟಲಿ ವಿಷಯ. ವಿರ್ಬ್ಯಾಕ್ ಕಂಪನಿಯದ್ದು, ಒಳಗಿರುವುದು ವಿಟಮಿನ್ ಎ, ಡಿ3, ಇ ಮತ್ತು ಬಿ12. ಅಷ್ಟೇ. ಕ್ಯಾಲ್ಸಿಯಂ ಇಲ್ಲ. ಬಿ1, ಬಿ2 ಕೂಡ ಇಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಮರಿಗಳಲ್ಲಿ ಕಾಲಿನ ಬೆರಳು ಒಳಕ್ಕೆ ಮಡಚಿಕೊಂಡು ಮೊಣಕಾಲ ಮೇಲೆ ತೆವಳುವುದು ಬಿ2 ಕೊರತೆಯಿಂದ. ತಲೆ ಹಿಂದಕ್ಕೆ ಬಾಗಿ ಆಕಾಶ ನೋಡುತ್ತಾ ಕೂತರೆ ಬಿ1 ಕೊರತೆ ಇರಬಹುದು. ಅದಕ್ಕೆಲ್ಲ ಬಿ ಕಾಂಪ್ಲೆಕ್ಸ್ ಬೇರೆಯೇ ತರಬೇಕು, ಬೇಗ ತರಬೇಕು, ತಡವಾದರೆ ನರ ಸರಿಹೋಗುವುದು ಕಷ್ಟ. ಅಂಥ ಮರಿಗೆ ವಿಮೆರಾಲ್ ಹಾಕುತ್ತಾ ಕೂತು "ಔಷಧಿ ಕೆಲಸ ಮಾಡಲಿಲ್ಲ" ಅಂತ ಬೈಯುವುದರಲ್ಲಿ ಅರ್ಥ ಇಲ್ಲ.

ನನಗೆ ನಿಜಕ್ಕೂ ಕಿರಿಕಿರಿ ಅನ್ನಿಸಿದ್ದು ಡೋಸ್ ಬರೆಯುವ ರೀತಿ. ಇಂಥ ಔಷಧಿಗಳಲ್ಲಿ ಎಲ್ಲವೂ 100 ಕೋಳಿಗೆ ಇಷ್ಟು ಎಂಎಲ್ ಎಂಬ ಲೆಕ್ಕ. ಫಾರಂನವರಿಗೆ ಸರಿ, ಒಂದೇ ಹೇಂಟೆಗೆ ಕೊಡುವವರು ಏನು ಮಾಡಬೇಕು? 100ಕ್ಕೆ 10 ಎಂಎಲ್ ಅಂತಿದ್ದರೆ ಒಂದಕ್ಕೆ 0.1 ಎಂಎಲ್, ಅಂದರೆ ಹೆಚ್ಚುಕಡಿಮೆ ಎರಡು ಹನಿ. 1 ಎಂಎಲ್ ಸಿರಿಂಜ್ ತಂದು ಸೂಜಿ ತೆಗೆದುಹಾಕಿ ಅಳೆಯಿರಿ. ಎ ಮತ್ತು ಡಿ3 ಮೈಯಲ್ಲೇ ಉಳಿಯುವಂಥವು, ಹೆಚ್ಚಾದದ್ದು ಹೊರಗೆ ಹೋಗಿಬಿಡುತ್ತದೆ ಅಂದುಕೊಳ್ಳಬೇಡಿ. ಡಿ3 ವಿಪರೀತವಾದರೆ ಕಿಡ್ನಿಗೇ ತೊಂದರೆ. ಬಾಯಿ ಅಗಲಿಸಿ ಗಂಟಲಿಗೆ ಸುರಿಯಲೂ ಬೇಡಿ, ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇದೆ. ನಾನು ಅನ್ನದ ಸಣ್ಣ ಉಂಡೆಗೆ ಹನಿ ಬಿಟ್ಟು ಕೊಡುತ್ತಿದ್ದೆ, ಕಚ್ಚಿಕೊಂಡು ಓಡಲಾಗದಿದ್ದರೂ ನುಂಗುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ. ನೀರಿಗೆ ಬೆರೆಸುವುದಾದರೆ ದಿನಾ ಹೊಸ ನೀರು ಮಾಡಿ.

ಇನ್ನು ಬಾಟಲಿಯಲ್ಲಿಲ್ಲದ ಆ ಅರ್ಧ. ನುಚ್ಚಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ರಾಗಿ ಹಾಕುತ್ತೇವಲ್ಲ ಎನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ, ಹೇಂಟೆ ದಿನಕ್ಕೆ ತಿನ್ನುವುದೇ 100 ಗ್ರಾಂ ಚಿಲ್ಲರೆ. 2 ಗ್ರಾಂ ಎಲ್ಲಿ, ಇದೆಲ್ಲಿ! ಮೊಟ್ಟೆ ಕೋಳಿಯ ಫೀಡ್‌ನಲ್ಲಿ 3.5ರಿಂದ 4 ಪರ್ಸೆಂಟ್ ಕ್ಯಾಲ್ಸಿಯಂ ಇರುತ್ತದೆ, ನಾನು ಅದಕ್ಕೇ ಬದಲಾಯಿಸಿದೆ. ಜೊತೆಗೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ನಮ್ಮ ಕಡೆ ಮರುವಾಯಿ ಹಾಕಿ ಪುಂಡಿ (ಅಕ್ಕಿ ಕಡುಬು) ಮಾಡಿದ ಮನೆಯ ಹಿಂದೆ ಬೇಕಾದಷ್ಟು ಬಿದ್ದಿರುತ್ತದೆ. ಉಪ್ಪು ಖಾರ ಹೋಗುವಂತೆ ತೊಳೆದು ಒಣಗಿಸಿ, ಜೋಳದ ಕಾಳಿನಷ್ಟು ಚೂರು ಮಾಡಿ, ಬೇರೆ ತಟ್ಟೆಯಲ್ಲಿ ಇಡಿ. ಬೇಕಾದ ಹೇಂಟೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಮೊಟ್ಟೆ ಇಡದ ಮರಿಗಳಿಗೆ ಮಾತ್ರ ಇಷ್ಟು ಕ್ಯಾಲ್ಸಿಯಂ ಬೇಡ, ಅದೂ ಕಿಡ್ನಿಗೆ ಒಳ್ಳೆಯದಲ್ಲ. ಕಾಲು ಸೋತದ್ದನ್ನು ಉಳಿದವುಗಳಿಂದ ಬೇರೆ ಇಡಿ, ಇಲ್ಲದಿದ್ದರೆ ಕುಕ್ಕಿ ಕುಕ್ಕಿ ಸಾಯಿಸುತ್ತವೆ. ಕೆಳಗೆ ದಪ್ಪಗೆ ಒಣಹುಲ್ಲು, ನೀರು ಕೊಕ್ಕಿಗೆ ಎಟುಕುವಲ್ಲಿ, ಬಿಸಿಲು ಬಂದಾಗ ಹೊರಗೆ.

ನಮ್ಮದು ಎದ್ದು ನಡೆದಾಡಿತು, ಆದರೆ ನಿಧಾನವಾಗಿ. ಮೊದಲು ನಿಲ್ಲುವುದು ಬಂತು, ಆಮೇಲೆ ನಡೆಯುವುದು, ಗಟ್ಟಿ ಚಿಪ್ಪಿನ ಮೊಟ್ಟೆ ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ವಿಮೆರಾಲ್ ಪಾಲೆಷ್ಟು, ಚಿಪ್ಪಿನ ಪಾಲೆಷ್ಟು ಅಂತ ಕೇಳಿದರೆ ಬಿಡಿಸಿ ಹೇಳಲಾಗದು. ಡಿ3 ಇಲ್ಲದೆ ಚಿಪ್ಪು ತಿಂದರೂ ಪ್ರಯೋಜನವಿಲ್ಲ, ಚಿಪ್ಪಿಲ್ಲದೆ ಡಿ3 ಕೊಟ್ಟರೂ ಅಷ್ಟೇ.

ಒಂದು ಮಾತು, ಬಾಟಲಿಗೆ ಕೈ ಹಾಕುವ ಮುಂಚೆ ಕೋಳಿಯನ್ನು ಎತ್ತಿ ನೋಡಿ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿ ಊದಿದ್ದರೆ ಅದು ಗಾಯದ ಸೋಂಕು, ವಿಟಮಿನ್ ಕೊರತೆಯಲ್ಲ. ಕೆಲವೇ ತಿಂಗಳ ಕೋಳಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದರೆ ಮಾರೆಕ್ಸ್ ರೋಗದ ಅನುಮಾನ, ಅದಕ್ಕೆ ಔಷಧಿಯೇ ಇಲ್ಲ, ಮರಿ ಹುಟ್ಟಿದಾಗ ಹಾಕುವ ಲಸಿಕೆ ಮಾತ್ರ. ಕತ್ತು ತಿರುಚಿ, ಹಸಿರು ಭೇದಿಯಾಗಿ, ಒಂದರ ಹಿಂದೆ ಒಂದು ಬೀಳುತ್ತಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಇಂಥದ್ದು ಕಂಡರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಒಂದು ಅಂಕ ಕಳೆದದ್ದು 100 ಕೋಳಿಯ ಲೆಕ್ಕಕ್ಕೆ. ತರುವಾಗ ಇರುವುದರಲ್ಲಿ ಚಿಕ್ಕ ಬಾಟಲಿಯನ್ನೇ ಕೇಳಿ, ನಾಲ್ಕು ಕೋಳಿಗೆ ದೊಡ್ಡದು ಖಾಲಿಯಾಗುವ ಮುಂಚೆ ತಾರೀಖೇ ಮುಗಿದಿರುತ್ತದೆ.