ಪೇಜ್ ಟೇಬಲ್ ಕಣ್ಣಾರೆ ನೋಡೋಕೆ ಎಕ್ಸ್‌ವಿ6: ಬಳಸಿ ನೋಡಿ ಬರೆದ ರಿವ್ಯೂ

ಓಎಸ್ (ಆಪರೇಟಿಂಗ್ ಸಿಸ್ಟಮ್) ಪೇಪರಲ್ಲಿ ವರ್ಚುಯಲ್ ಮೆಮೊರಿ, ಅಂದ್ರೆ ಪ್ರತಿ ಪ್ರೋಗ್ರಾಂಗೂ ತನ್ನದೇ ಮೆಮೊರಿ ಇದೆ ಅನ್ನೋ ಹಾಗೆ ತೋರಿಸೋ ವ್ಯವಸ್ಥೆ, ಅಂದ ತಕ್ಷಣ ನಮ್ಮ ಇಂಜಿನಿಯರಿಂಗ್ ಹುಡುಗ್ರಿಗೆ ನೆನಪಾಗೋದು ಟಿಎಲ್‌ಬಿ (ಇತ್ತೀಚೆಗೆ ಹುಡುಕಿದ ವಿಳಾಸಗಳನ್ನ ಸಿಪಿಯು ನೆನಪಿಟ್ಕೊಳ್ಳೋ ಜಾಗ) ಹಿಟ್ ರೇಶಿಯೋ ಕೊಟ್ಟು ಆಕ್ಸೆಸ್ ಟೈಮ್ ಕಂಡುಹಿಡಿಯೋ ಲೆಕ್ಕ, ಆಮೇಲೆ ಎಲ್‌ಆರ್‌ಯು (ತುಂಬಾ ಹೊತ್ತಿನಿಂದ ಬಳಸದ ಪೇಜನ್ನ, ಅಂದ್ರೆ ಮೆಮೊರಿಯ ತುಂಡನ್ನ, ಹೊರಗೆ ಹಾಕೋ ಪದ್ಧತಿ) ಬಾಕ್ಸ್ ಹಾಕಿ ಪೇಜ್ ಫಾಲ್ಟ್ (ಬೇಕಾದ ಪೇಜ್ ಆಗ ಸಿಗದಿರೋದು) ಎಣಿಸೋದು. ಮಾರ್ಕ್ಸ್ ಬರತ್ತೆ, ಸರಿ. ಆದ್ರೆ ಇದಕ್ಕೆಲ್ಲ ಆಧಾರವಾದ ಪೇಜ್ ಟೇಬಲ್, ಅಂದ್ರೆ ಪ್ರೋಗ್ರಾಂ ಬಳಸೋ ವಿಳಾಸ ನಿಜವಾದ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳೋ ಪಟ್ಟಿ, ನಿಜವಾಗ್ಲೂ ಎಲ್ಲಿ ಕೂತಿರತ್ತೆ, ಅದನ್ನ ತುಂಬೋರು ಯಾರು, ಅದು ಇರೋ ಜಾಗ ಸಿಪಿಯುಗೆ ಹೇಗೆ ಗೊತ್ತಾಗತ್ತೆ ಅಂತ ಕೇಳಿದ್ರೆ ವರ್ಷಗಟ್ಟಲೆ ಕೋಡ್ ಬರೆದೋರೂ ತಡವರಿಸ್ತಾರೆ. ಇದಕ್ಕೆಲ್ಲ ಉತ್ತರ ಬೇಕು ಅನ್ನೋರಿಗೆ ನಾನು ಧೈರ್ಯವಾಗಿ ಹೇಳೋ ಹೆಸರು ಎಕ್ಸ್‌ವಿ6.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಇದು ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡೋಕೆ ಅಂತಾನೇ 2006ರಲ್ಲಿ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್. ರಸ್ ಕಾಕ್ಸ್, ಫ್ರಾನ್ಸ್ ಕಾಶೂಕ್, ರಾಬರ್ಟ್ ಮಾರಿಸ್ ಇದರ ಹಿಂದಿರೋರು. 1975ರ ಯುನಿಕ್ಸ್ ಆರನೇ ಆವೃತ್ತಿಯ ರಚನೆನೇ ಇಟ್ಕೊಂಡು ಈಗಿನ ಸಿ ಭಾಷೆಯಲ್ಲಿ ಹೊಸದಾಗಿ ಬರೆದಿದ್ದು. ಮೊದಲು ಇಂಟೆಲ್ ಎಕ್ಸ್86 ಮೇಲೆ ಓಡ್ತಿತ್ತು, 2019ರಿಂದ ರಿಸ್ಕ್-ಫೈವ್ ಅನ್ನೋ ಓಪನ್ ಸಿಪಿಯು ವಿನ್ಯಾಸದ ಮೇಲೆ. ಪೂರ್ತಿ ಫ್ರೀ, ಸೋರ್ಸ್ ಕೋಡ್ ಎಲ್ಲಾ ಓಪನ್. ಬೋರ್ಡ್ ಏನೂ ಕೊಳ್ಳೋದು ಬೇಡ, ಕ್ಯೂಎಮು ಅನ್ನೋ ಎಮ್ಯುಲೇಟರ್ (ಕಂಪ್ಯೂಟರ್‌ನಂತೆ ನಟಿಸೋ ಸಾಫ್ಟ್‌ವೇರ್) ಒಳಗೇ ಓಡತ್ತೆ, ಅದಕ್ಕೆ ಕೊಡೋ ರ್‍ಯಾಮ್ ಬರೀ 128 ಎಂಬಿ, ಹಾಗಾಗಿ ಹಳೇ ಲ್ಯಾಪ್‌ಟಾಪ್‌ಗೂ ಭಾರ ಆಗಲ್ಲ.

ಮೆಮೊರಿ ಬಗ್ಗೆ ಮುಖ್ಯವಾದ ಕೋಡೆಲ್ಲ ವಿಎಂ.ಸಿ ಅನ್ನೋ ಒಂದೇ ಫೈಲಲ್ಲಿದೆ, ಐನೂರು ಲೈನಿನ ಆಸುಪಾಸು. ಲಿನಕ್ಸ್‌ನಲ್ಲಿ ಇದೇ ಕೆಲಸದ ಕೋಡ್ ಒಂದು ಫೋಲ್ಡರ್ ತುಂಬ ಹರಡ್ಕೊಂಡಿದೆ, ಎಲ್ಲಿಂದ ಓದೋಕೆ ಶುರು ಮಾಡ್ಬೇಕು ಅಂತಾನೇ ತಿಳಿಯಲ್ಲ. ಇಲ್ಲಿ ವಾಕ್ ಅನ್ನೋ ಒಂದು ಫಂಕ್ಷನ್ ಇದೆ, ಇಪ್ಪತ್ತು ಲೈನ್ ಇರಬಹುದು ಅಷ್ಟೇ, ಅದೊಂದು ಅರ್ಥ ಆದ್ರೆ ಮೂರು ಹಂತದ ಪೇಜ್ ಟೇಬಲ್ ಅರ್ಥ ಆದಹಾಗೇ. ರಿಸ್ಕ್-ಫೈವ್‌ನ ಎಸ್‌ವಿ39 ಅನ್ನೋ ಪದ್ಧತಿಯಲ್ಲಿ ವಿಳಾಸ 39 ಬಿಟ್. ಕೆಳಗಿನ 12 ಬಿಟ್ ಪೇಜ್ ಒಳಗಿನ ಜಾಗ ಹೇಳತ್ತೆ, ಪೇಜ್ 4096 ಬೈಟ್ ಅಲ್ವಾ ಅದಕ್ಕೆ. ಮಿಕ್ಕಿದ್ದು 27 ಬಿಟ್, ಅದನ್ನ 9, 9, 9 ಅಂತ ಮೂರು ಭಾಗ ಮಾಡಿ ಒಂದೊಂದು ಹಂತಕ್ಕೆ ಒಂದೊಂದು. ನಮ್ಮ ಪಿನ್‌ಕೋಡ್ ಹಾಗೆ, ಮೊದಲ ಅಂಕಿ ನೋಡಿ ವಲಯ, ಮುಂದಿನ ಎರಡು ನೋಡಿ ಅಂಚೆ ವಿಂಗಡಣೆ ಜಿಲ್ಲೆ, ಕೊನೆಯ ಮೂರು ನೋಡಿ ಆ ಪೋಸ್ಟ್ ಆಫೀಸು ಅಂತ ಇಳಿದು ಹೋಗೋದು. ಒಂದೊಂದು ಟೇಬಲ್ಲಲ್ಲಿ 512 ಎಂಟ್ರಿ, ಒಂದೊಂದು ಎಂಟ್ರಿ 8 ಬೈಟ್, ಗುಣಿಸಿದ್ರೆ 4096, ಅಂದ್ರೆ ಟೇಬಲ್ಲೇ ಸರಿಯಾಗಿ ಒಂದು ಪೇಜಲ್ಲಿ ಕೂರತ್ತೆ. ಈ ಲೆಕ್ಕ ಕೂಡಿ ಬರೋದು ನೋಡಿದ್ರೆ ನಂಗೆ ಇವತ್ತಿಗೂ ಖುಷಿ ಆಗತ್ತೆ.

ಮೂರು ಹಂತ ಯಾಕೆ, ಒಂದೇ ಉದ್ದ ಟೇಬಲ್ ಇಟ್ರೆ ಆಗಲ್ವಾ ಅಂತ ಕ್ಲಾಸಲ್ಲಿ ಕೇಳಿದ್ರೆ ಸಾಮಾನ್ಯವಾಗಿ ಜಾಗ ಉಳಿಯತ್ತೆ ಅಂತ ಒಂದು ಮಾತು ಹೇಳಿ ಮುಂದೆ ಹೋಗ್ತಾರೆ. ಎಷ್ಟು ಉಳಿಯತ್ತೆ ಅಂತ ಇಲ್ಲಿ ಗೊತ್ತಾಗತ್ತೆ. 27 ಬಿಟ್‌ಗೆ ಒಂದೇ ಟೇಬಲ್ ಅಂದ್ರೆ ಪ್ರತಿ ಪ್ರೋಸೆಸ್‌ಗೂ (ಓಡ್ತಿರೋ ಪ್ರೋಗ್ರಾಂಗೂ) 1 ಜಿಬಿ ಬರೀ ಟೇಬಲ್ಲಿಗೇ ಹೋಗತ್ತೆ, ಇರೋ ರ್‍ಯಾಮೇ 128 ಎಂಬಿ! ಅದೇ ಎಕ್ಸ್‌ವಿ6ನಲ್ಲಿ ಮೊದಲು ಓಡೋ ಇನಿಟ್ ಪ್ರೋಸೆಸ್‌ನ ಟೇಬಲ್ ಪ್ರಿಂಟ್ ಮಾಡಿ ನೋಡಿ, ಎಂಐಟಿಯವರ ಲ್ಯಾಬ್ ಎಕ್ಸರ್ಸೈಜಲ್ಲಿ ಇದನ್ನ ನೀವೇ ಬರೀಬೇಕು. ಬೇರಿನ (ಮೊದಲ ಹಂತದ) ಟೇಬಲ್ಲಲ್ಲಿ 512 ಎಂಟ್ರಿ ಇದ್ರೂ ತುಂಬಿರೋದು ಎರಡೇ, 0ನೇದು ಮತ್ತೆ 255ನೇದು. 0ನೇ ಕೊಂಬೆಯಲ್ಲಿ ಪ್ರೋಗ್ರಾಂನ ಕೋಡು, ಡೇಟಾ, ಸ್ಟ್ಯಾಕು, 255ನೇ ಕೊಂಬೆಯ ತುತ್ತತುದಿಯಲ್ಲಿ ಟ್ರ್ಯಾಂಪೊಲಿನ್ (ಇದನ್ನ ಮುಂದೆ ಹೇಳ್ತೀನಿ) ಮತ್ತೆ ಟ್ರ್ಯಾಪ್‌ಫ್ರೇಮ್ (ಓಎಸ್‌ನ ತಿರುಳಾದ ಕರ್ನಲ್‌ಗೆ ಹೋಗೋವಾಗ ರಿಜಿಸ್ಟರ್‌ಗಳನ್ನ ಉಳಿಸೋ ಜಾಗ) ಅನ್ನೋ ಎರಡು ಪೇಜು. ಒಟ್ಟು ಟೇಬಲ್ ಪೇಜ್ ಐದು, 20 ಕೆಬಿ. 1 ಜಿಬಿ ಎಲ್ಲಿ, 20 ಕೆಬಿ ಎಲ್ಲಿ. ನೀವೇ ಬರೆದ ಪ್ರಿಂಟ್ ಫಂಕ್ಷನ್ ಈ ಮರಾನ ಸ್ಕ್ರೀನ್ ಮೇಲೆ ಬಿಡಿಸಿದಾಗ ಮಲ್ಟಿಲೆವೆಲ್ ಪೇಜಿಂಗ್ ಅನ್ನೋದು ಇನ್ಯಾವತ್ತೂ ಮರೆಯಲ್ಲ, ಗ್ಯಾರಂಟಿ.

ಈಗ ನಂಗೆ ಎಲ್ಲಕ್ಕಿಂತ ಇಷ್ಟ ಆಗಿರೋ ಭಾಗ, ಟ್ರ್ಯಾಂಪೊಲಿನ್. ಎಕ್ಸ್‌ವಿ6ನಲ್ಲಿ ಕರ್ನಲ್‌ಗೆ ಒಂದು ಪೇಜ್ ಟೇಬಲ್, ಪ್ರತಿ ಯೂಸರ್ ಪ್ರೋಸೆಸ್‌ಗೂ ಬೇರೆ ಬೇರೆ ಪೇಜ್ ಟೇಬಲ್. ಸದ್ಯ ಯಾವುದು ಚಾಲ್ತಿಯಲ್ಲಿದೆ ಅಂತ ಹೇಳೋದು ಸ್ಯಾಟ್‌ಪಿ ಅನ್ನೋ ರಿಜಿಸ್ಟರ್, ಬೇರಿನ ಟೇಬಲ್ಲಿನ ಫಿಸಿಕಲ್ ಪೇಜ್ ನಂಬರ್ ಅದರೊಳಗೆ ಇರತ್ತೆ. ಪ್ರೋಗ್ರಾಂ ಸಿಸ್ಟಮ್ ಕಾಲ್ ಮಾಡ್ದಾಗ (ಕರ್ನಲ್ ಸಹಾಯ ಕೇಳ್ದಾಗ) ಸಿಪಿಯು ಸೂಪರ್‌ವೈಸರ್ ಮೋಡ್‌ಗೆ (ಕರ್ನಲ್ ಓಡೋ ಸ್ಥಿತಿಗೆ) ಹೋಗತ್ತೆ, ಆದ್ರೆ ರಿಸ್ಕ್-ಫೈವ್ ಹಾರ್ಡ್‌ವೇರ್ ಪೇಜ್ ಟೇಬಲ್ಲನ್ನ ತಾನಾಗಿ ಬದಲಾಯಿಸಲ್ಲ, ಆ ಕೆಲಸ ಕರ್ನಲ್‌ದು. ಇಲ್ಲೇ ಇರೋದು ಸಮಸ್ಯೆ. ಸ್ಯಾಟ್‌ಪಿ ಬದಲಾಯಿಸೋ ಇನ್‌ಸ್ಟ್ರಕ್ಷನ್ ಓಡಿದ ಮರುಕ್ಷಣ ಇಡೀ ವಿಳಾಸಗಳ ಅರ್ಥವೇ ಬದಲಾಗತ್ತೆ, ಹಾಗಾದ್ರೆ ಮುಂದಿನ ಇನ್‌ಸ್ಟ್ರಕ್ಷನ್ನ ಸಿಪಿಯು ಎಲ್ಲಿಂದ ತರ್ಬೇಕು? ಅದಕ್ಕೆ ಅವ್ರು ಮಾಡಿರೋ ಉಪಾಯ, ಆ ಬದಲಾವಣೆ ಮಾಡೋ ಅಸೆಂಬ್ಲಿ ಕೋಡ್ ಇರೋ ಪೇಜನ್ನ ಎಲ್ಲಾ ಟೇಬಲ್ಲಲ್ಲೂ, ಕರ್ನಲ್‌ದು ಯೂಸರ್‌ದು ಎರಡರಲ್ಲೂ, ಒಂದೇ ವರ್ಚುಯಲ್ ವಿಳಾಸಕ್ಕೆ ಮ್ಯಾಪ್ ಮಾಡಿಟ್ಟಿರೋದು, ಎಕ್ಸ್‌ವಿ6 ಬಳಸೋ ವಿಳಾಸಗಳ ಅತಿ ಮೇಲಿನ ತುದಿಯಲ್ಲಿ. ಟೇಬಲ್ ಬದಲಾದ್ರೂ ಕಾಲ ಕೆಳಗಿನ ಆ ಒಂದು ಪೇಜ್ ಅಲ್ಲಾಡಲ್ಲ. ಆ ಪೇಜಿಗೆ ಯೂಸರ್ ಬಿಟ್ ಇಲ್ಲ, ಹಾಗಾಗಿ ಯೂಸರ್ ಟೇಬಲ್ಲಲ್ಲೇ ಇದ್ರೂ ಯೂಸರ್ ಪ್ರೋಗ್ರಾಂ ಅದನ್ನ ಮುಟ್ಟೋಕಾಗಲ್ಲ. ಜಿಡಿಬಿ ಅನ್ನೋ ಡೀಬಗ್ಗರ್ ಹಾಕ್ಕೊಂಡು ಒಂದೊಂದೇ ಇನ್‌ಸ್ಟ್ರಕ್ಷನ್ ಮುಂದೆ ಹೋಗಿ ಸ್ಯಾಟ್‌ಪಿ ಬದಲಾಗೋ ಜಾಗ ನೋಡಿ, ದಯವಿಟ್ಟು ಇದನ್ನ ಬಿಡ್ಬೇಡಿ. 2018ರ ಜನವರಿಯಲ್ಲಿ ಯೂಸರ್ ಪ್ರೋಗ್ರಾಂಗೆ ಕರ್ನಲ್ ಮೆಮೊರಿ ಓದೋಕೆ ದಾರಿ ಕೊಡೋ ಮೆಲ್ಟ್‌ಡೌನ್ ಅನ್ನೋ ಸಿಪಿಯು ದೋಷ ಹೊರಬಿದ್ದಾಗ ಲಿನಕ್ಸ್‌ನೋರೂ ಕರ್ನಲ್ ಟೇಬಲ್ ಯೂಸರ್ ಟೇಬಲ್ ಬೇರೆ ಮಾಡಿದ್ರು, ಎರಡೂ ಕಡೆ ಇರೋ ಒಂದು ಚೂರು ಎಂಟ್ರಿ ಕೋಡ್ ಅಲ್ಲೂ ಬೇಕಾಯ್ತು. ಎಕ್ಸ್‌ವಿ6 ನೋಡಿದೋರಿಗೆ ಆ ಬದಲಾವಣೆ ತಟ್ಟನೆ ಅರ್ಥ ಆಗತ್ತೆ.

ಕೆಡಿಸಿ ನೋಡೋಕೂ ಇದು ಚೆನ್ನಾಗಿದೆ. ಬೇಕಂತಾನೇ ತಪ್ಪು ವಿಳಾಸಕ್ಕೆ ಬರೆಯೋ ಪ್ರೋಗ್ರಾಂ ಓಡಿಸಿ, ಕರ್ನಲ್ ಆ ಪ್ರೋಸೆಸ್‌ನ ಕೊಂದು ಕಾರಣದ ನಂಬರ್ ಪ್ರಿಂಟ್ ಮಾಡತ್ತೆ: 12 ಅಂದ್ರೆ ಇನ್‌ಸ್ಟ್ರಕ್ಷನ್ ತರೋವಾಗ ಫಾಲ್ಟ್, 13 ಓದೋವಾಗ, 15 ಬರೆಯೋವಾಗ, ಜೊತೆಗೆ ಯಾವ ವಿಳಾಸ ಅಂತಾನೂ ಹೇಳತ್ತೆ. ಇನ್ನೊಂದು ನಂಗೆ ತುಂಬಾ ಹಿಡಿಸಿದ್ದು, ಫ್ರೀ ಮಾಡಿದ ಪೇಜಿನ ಪ್ರತಿ ಬೈಟಲ್ಲೂ 1 ತುಂಬ್ತಾರೆ, ಹೊಸದಾಗಿ ಕೊಡೋ ಪೇಜಲ್ಲಿ 5 ತುಂಬ್ತಾರೆ, ಹಾಗಾಗಿ ಬಿಟ್ಟುಕೊಟ್ಟ ಮೆಮೊರಿನ ಯಾರಾದ್ರೂ ಮತ್ತೆ ಬಳಸಿದ್ರೆ ಹಳೇ ಡೇಟಾ ಸಿಕ್ಕಿ ಎಲ್ಲ ಸರಿ ಇದ್ದಂತೆ ಕಾಣೋ ಬದಲು ಅಲ್ಲೇ ಎಡವಿ ಬೀಳತ್ತೆ. ಲ್ಯಾಬ್ ಮಾಡೋರಿಗೆ "ಫ್ರೀವಾಕ್: ಲೀಫ್" ಅನ್ನೋ ಪ್ಯಾನಿಕ್ (ಕರ್ನಲ್ ಕೈಚೆಲ್ಲಿ ನಿಂತುಬಿಡೋದು) ಸಿಕ್ಕೇ ಸಿಗತ್ತೆ, ಮ್ಯಾಪ್ ಮಾಡಿದ ಪೇಜ್ ಒಂದನ್ನ ಅನ್‌ಮ್ಯಾಪ್ ಮಾಡದೇನೇ ಟೇಬಲ್ ಬಿಚ್ಚೋಕೆ ಹೋಗಿದ್ದೀರಿ ಅಂತ ಅದರರ್ಥ.

ಕೊರತೆಗಳೂ ಇವೆ, ಅದನ್ನೂ ಹೇಳ್ಬೇಕು. ದೊಡ್ಡ ಕೊರತೆ ಅಂದ್ರೆ ಸ್ವಾಪ್ ಇಲ್ಲ. ರ್‍ಯಾಮ್ ಖಾಲಿ ಆದ್ರೆ ಮೆಮೊರಿ ಇಲ್ಲ ಅಂತ ಕೈಯೆತ್ತತ್ತೆ ಅಷ್ಟೇ, ಯಾವ ಪೇಜನ್ನ ಡಿಸ್ಕಿಗೆ ಕಳಿಸ್ಬೇಕು ಅನ್ನೋ ಪ್ರಶ್ನೆನೇ ಇಲ್ಲಿ ಹುಟ್ಟಲ್ಲ. ಅಂದ್ರೆ ಪರೀಕ್ಷೆಲಿ ಬರೋ ಎಲ್‌ಆರ್‌ಯು, ಕ್ಲಾಕ್ ಅಲ್ಗಾರಿದಮ್ ಯಾವುದೂ ಇದರಲ್ಲಿ ನೋಡೋಕೆ ಸಿಗಲ್ಲ, ಅದಕ್ಕೋಸ್ಕರ ಇದನ್ನ ಹಾಕ್ಕೊಳ್ಳೋರು ನಿರಾಸೆ ಆಗ್ತಾರೆ. ಟಿಎಲ್‌ಬಿ ವಿಷಯನೂ ಹಾಗೇ, ಟೇಬಲ್ ಬದಲಾಯಿಸಿದಾಗೆಲ್ಲ ಇಡೀ ಟಿಎಲ್‌ಬಿ ಖಾಲಿ ಮಾಡತ್ತೆ, ಪ್ರೋಸೆಸ್‌ಗೊಂದು ಗುರುತಿನ ನಂಬರ್ ಕೊಟ್ಟು ಉಳಿಸ್ಕೊಳ್ಳೋ ಸೌಕರ್ಯ ರಿಸ್ಕ್-ಫೈವ್‌ನಲ್ಲಿ ಇದ್ರೂ ಬಳಸಿಲ್ಲ, ಅಲ್ದೆ ಇದೆಲ್ಲ ಎಮ್ಯುಲೇಟರ್ ಒಳಗೆ ನಡೆಯೋದ್ರಿಂದ ಅದರ ನಿಜವಾದ ಬೆಲೆ ಎಷ್ಟು ಅಂತ ಅಳೆಯೋಕೂ ಆಗಲ್ಲ. ಇನ್ನೊಂದು, ಯೂಸರ್ ಪ್ರೋಗ್ರಾಂ ವಿಳಾಸ 0ರಿಂದಲೇ ಶುರು ಆಗತ್ತೆ, ಹಾಗಾಗಿ ನಲ್ ಪಾಯಿಂಟರ್ (ವಿಳಾಸ 0 ತೋರಿಸೋದು) ಓದಿದ್ರೆ ಕ್ರ್ಯಾಶ್ ಆಗೋ ಬದಲು ಕೋಡಿನ ಬೈಟ್‌ಗಳೇ ಸಿಗ್ತವೆ. ಲಿನಕ್ಸ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ನೋಡಿ ಅಭ್ಯಾಸ ಇರೋರಿಗೆ ಇದು ವಿಚಿತ್ರ ಅನ್ಸತ್ತೆ. ಕಲಿಯೋರ ಸಿಸ್ಟಮ್ಮಲ್ಲಿ ಮೊದಲ ಪೇಜ್ ಖಾಲಿ ಬಿಟ್ಟಿದ್ರೆ ಒಳ್ಳೇದಿತ್ತು ಅಂತ ನನ್ನ ಅಭಿಪ್ರಾಯ.

ಪ್ರೋಸೆಸ್‌ನ ಇನ್ನೊಂದು ಪ್ರತಿ ಹುಟ್ಟಿಸೋ ಫೋರ್ಕ್ ಕೂಡ ಇಡೀ ಮೆಮೊರಿನ ಪೇಜ್ ಪೇಜಾಗಿ ಕಾಪಿ ಮಾಡತ್ತೆ, ಶೆಲ್ಲಲ್ಲಿ ಒಂದು ಕಮಾಂಡ್ ಕೊಟ್ರೆ ಫೋರ್ಕ್ ಎಲ್ಲಾ ಕಾಪಿ ಮಾಡಿ ಮುಗಿಸತ್ತೆ, ಮರುಕ್ಷಣ ಹೊಸ ಪ್ರೋಗ್ರಾಂ ತುಂಬೋ ಎಕ್ಸೆಕ್ ಬಂದು ಅಷ್ಟನ್ನೂ ಎಸೆಯತ್ತೆ. ಆದ್ರೆ ಇದನ್ನ ನಾನು ಕೊರತೆ ಅನ್ನಲ್ಲ, ಯಾಕಂದ್ರೆ ಇದನ್ನ ಸರಿ ಮಾಡೋದೇ ಒಂದು ಲ್ಯಾಬ್. ಕಾಪಿ ಆನ್ ರೈಟ್ ನೀವೇ ಬರೀಬೇಕು: ಅಪ್ಪ (ಮೂಲ ಪ್ರೋಸೆಸ್) ಮಗ (ಅದರ ಪ್ರತಿ) ಇಬ್ಬರ ಟೇಬಲ್ಲೂ ಒಂದೇ ಫಿಸಿಕಲ್ ಪೇಜ್ ತೋರಿಸ್ಬೇಕು, ಇಬ್ಬರಿಗೂ ರೈಟ್ ಬಿಟ್ ತೆಗೀಬೇಕು, ಯಾರು ಮೊದಲು ಬರೆಯೋಕೆ ಹೋಗ್ತಾರೋ ಆಗ 15ನೇ ನಂಬರ್ ಫಾಲ್ಟ್ ಬರತ್ತೆ, ಆ ಫಾಲ್ಟ್ ಹಿಡಿದು ಆ ಒಂದು ಪೇಜ್ ಮಾತ್ರ ಕಾಪಿ ಮಾಡಿ ಪ್ರೋಗ್ರಾಂನ ಏನೂ ಆಗ್ದಿರೋ ಥರ ಮುಂದುವರೆಸ್ಬೇಕು. ಪೇಜನ್ನ ಎಷ್ಟು ಜನ ಹಂಚ್ಕೊಂಡಿದ್ದಾರೆ ಅನ್ನೋ ಲೆಕ್ಕನೂ ಇಡ್ಬೇಕು, ಅದನ್ನ ಲಾಕ್ ಹಾಕಿ ಕಾಯ್ಬೇಕು, ಯಾಕಂದ್ರೆ ಡೀಫಾಲ್ಟ್ ಆಗಿ ಮೂರು ಸಿಪಿಯು ಓಡ್ತಿರ್ತವೆ. ಪೇಜ್ ಫಾಲ್ಟ್ ಅಂದ್ರೆ ಎರರ್ ಅಂತ ತಿಳ್ಕೊಂಡಿರೋರಿಗೆ ಅದು ಕರ್ನಲ್ ಕೈಯಲ್ಲಿರೋ ಒಂದು ಸಾಧನ ಅಂತ ಮನವರಿಕೆ ಆಗೋದು ಇಲ್ಲೇ.

ಸಿ ಪಾಯಿಂಟರ್ ಗಟ್ಟಿ ಇಲ್ದೇ ಇರೋರು ಮೊದಲು ಅದನ್ನ ಸರಿ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ವಾಕ್ ಫಂಕ್ಷನ್ನೇ ದಾಟೋಕಾಗಲ್ಲ. ಅಸೆಂಬ್ಲಿ ಹೆಚ್ಚು ಬೇಡ. ಉಬುಂಟು ಇದ್ರೆ ರಿಸ್ಕ್-ಫೈವ್ ಜಿಸಿಸಿ, ಕ್ಯೂಎಮು, ಮಲ್ಟಿಆರ್ಕ್ ಜಿಡಿಬಿ ಪ್ಯಾಕೇಜ್ ಹಾಕ್ಕೊಂಡು ಗಿಟ್‌ಹಬ್‌ನಿಂದ ಕೋಡ್ ಇಳಿಸಿ ಮೇಕ್ ಕ್ಯೂಎಮು ಅಂತ ಕೊಟ್ರೆ ಸಾಕು. ಏನಾದ್ರೂ ಬದಲಾಯಿಸಿದ ಮೇಲೆ ಒಳಗಡೆ ಯೂಸರ್‌ಟೆಸ್ಟ್ಸ್ ಅನ್ನೋ ಪ್ರೋಗ್ರಾಂ ಓಡಿಸಿ, ಎಲ್ಲಾ ಟೆಸ್ಟ್ ಪಾಸ್ ಅಂತ ಬಂದ್ರೆ ಮಾತ್ರ ಮುಂದೆ ಹೋಗಿ. ಹೊರಗೆ ಬರೋಕೆ ಕಂಟ್ರೋಲ್ ಜೊತೆ ಎ ಒತ್ತಿ, ಕೈ ಬಿಟ್ಟು, ಆಮೇಲೆ ಎಕ್ಸ್ ಒತ್ತಿ.