ಮೂರು ತಿಂಗಳು ಮೊದಲೇ ಕೊಳ್ಳುವ ಅಗ್ಗದ ರೈಲು ಟಿಕೆಟ್: ಬೆಂಗಳೂರಿಂದ ಜರ್ಮನಿಗೆ ಹೋಗಿ ಬರುವವರಿಗೆ ಒಂದು ಮಾತು

ಮಗಳ ಮನೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಕೆಲವು ವರ್ಷಗಳಿಂದ ನಾನೂ ನಮ್ಮ ಯಜಮಾನರೂ ಹೋಗಿ ಬಂದು ಮಾಡುತ್ತಿದ್ದೇವೆ. ಹೋದಾಗ ಬರೀ ಮಗಳ ಮನೆಯಲ್ಲಿ ಕೂರುವುದಿಲ್ಲ, ಬರ್ಲಿನ್, ಸಾಲ್ಜ್‌ಬರ್ಗ್, ವೆನಿಸ್ ಅಂತ ರೈಲಿನಲ್ಲಿ ಸುತ್ತುತ್ತೇವೆ. ಆ ಟಿಕೆಟ್‌ಗಳನ್ನೆಲ್ಲ ಕೊಂಡದ್ದು ಬಸವನಗುಡಿಯ ನಮ್ಮ ಊಟದ ಟೇಬಲ್ ಮೇಲೆ, ತಿಂಗಳುಗಟ್ಟಲೆ ಮೊದಲೇ. ನಮ್ಮದು ಪೆನ್ಷನ್ ಮನೆ. ಮಗಳಿಂದ ಓಡಾಟದ ಖರ್ಚು ತೆಗೆದುಕೊಳ್ಳಬಾರದು ಅನ್ನೋದು ನಮ್ಮಿಬ್ಬರ ಹಟ, ಹಾಗಾಗಿ ಈ ರಿಯಾಯಿತಿ ಟಿಕೆಟ್ ಇಲ್ಲದಿದ್ದರೆ ಅರ್ಧ ಊರು ನೋಡುತ್ತಲೇ ಇರಲಿಲ್ಲ.

ಯಾವ ಟಿಕೆಟ್‌ಗೆ ಯಾವ ನಿಯಮ ಅನ್ನೋದೆಲ್ಲ ಜರ್ಮನಿಯ ಸರ್ಕಾರಿ ರೈಲು ಸಂಸ್ಥೆ ಡಾಯ್ಚ ಬಾನ್‌ನ ಸೈಟ್‌ನಲ್ಲಿ ಇಂಗ್ಲಿಷ್‌ನಲ್ಲೇ ಸಿಗುತ್ತದೆ, ಓದಿಕೊಂಡಿರುತ್ತೀರಿ. ಚುಟುಕಾಗಿ ಹೇಳಬೇಕೆಂದರೆ, ಫ್ಲೆಕ್ಸ್‌ಪ್ರೈಸ್ ಅನ್ನೋ ಟಿಕೆಟ್ ದುಬಾರಿ, ಆ ದಿನ ಯಾವ ರೈಲಿಗಾದರೂ ಹತ್ತಬಹುದು. ಶ್ಪಾರ್‌ಪ್ರೈಸ್ ಅಗ್ಗ, ಬುಕ್ ಮಾಡಿದ ರೈಲಿಗೇ ಹತ್ತಬೇಕು, ಪ್ರಯಾಣದ ದಿನಕ್ಕೆ ಮೊದಲು 10 ಯೂರೊ ಹಿಡಿದುಕೊಂಡು ರದ್ದು ಮಾಡಲು ಬಿಡುತ್ತಾರೆ. ಸೂಪರ್ ಶ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ, ಅದು ಕೊಂಡರೆ ಕೊಂಡ ಹಾಗೇ, ರದ್ದು ಅನ್ನೋ ಮಾತೇ ಇಲ್ಲ. ನ್ಯೂರೆಂಬರ್ಗ್‌ನಿಂದ ಬರ್ಲಿನ್‌ಗೆ 2017ರ ಡಿಸೆಂಬರ್‌ನಲ್ಲಿ ಹೊಸ ವೇಗದ ಮಾರ್ಗ ಶುರುವಾಯಿತು, ಐಸಿಇ ಅನ್ನೋ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ ಸಾಕು. ಮೊದಲೇ ಕೊಂಡರೆ ಆ ಪ್ರಯಾಣಕ್ಕೆ ನಮಗೆ 20 ಯೂರೊ ಆಸುಪಾಸಿನಲ್ಲಿ ಸಿಕ್ಕಿದೆ. ಹಿಂದಿನ ದಿನ ಕೊಳ್ಳಲು ಹೋದರೆ ಅದರ ನಾಲ್ಕೈದು ಪಟ್ಟು.

ನಮ್ಮ ಕಡೆಯವರಿಗೆ ಇದು ತಲೆಗೆ ಹತ್ತೋದಕ್ಕೆ ಸ್ವಲ್ಪ ಹೊತ್ತು ಬೇಕು. ನಾವು ದಸರಾಕ್ಕೆ ಹುಬ್ಬಳ್ಳಿಗೋ ಉಡುಪಿಗೋ ಹೋಗಬೇಕೆಂದರೆ ಬೆಳಗ್ಗೆ 8 ಗಂಟೆಗೇ ಬುಕಿಂಗ್‌ಗೆ ಕೂರುವುದು ಸೀಟು ಸಿಗಲಿ ಅಂತ, ದರ ಇಳಿಯಲಿ ಅಂತ ಅಲ್ಲ. ಈಗಂತೂ 2024ರ ನವೆಂಬರ್‌ನಿಂದ ನಮ್ಮಲ್ಲಿ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಜರ್ಮನಿಯಲ್ಲಿ ಟಿಕೆಟ್ ಸಿಗುತ್ತೋ ಇಲ್ಲವೋ ಅನ್ನೋ ಚಿಂತೆಯೇ ಇಲ್ಲ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಟಿಕೆಟ್ ಯಾವತ್ತೂ ಸಿಗುತ್ತದೆ. ದರ ಮಾತ್ರ ಏರುತ್ತಾ ಹೋಗುತ್ತದೆ, ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಿಂದ ಹೊರಡುವ ಖಾಸಗಿ ಬಸ್ಸಿನ ಹಾಗೆ. ಜರ್ಮನಿಯಲ್ಲೂ ಶುಕ್ರವಾರ ಮಧ್ಯಾಹ್ನ, ಭಾನುವಾರ ಸಂಜೆ ದರ ಜಾಸ್ತಿ. ಕೆಲಸಕ್ಕೆ ಹೋಗುವ ಜನ ಊರಿಗೆ ಹೋಗಿ ಬರುವ ಹೊತ್ತು ಅದು. ಮಂಗಳವಾರ, ಬುಧವಾರ ಮಧ್ಯಾಹ್ನದ ರೈಲು ನಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಟಿಕೆಟ್ ಹುಡುಕುವುದೇ ನನಗೆ ಒಂದು ಸಂತೋಷ. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಆ ಸೈಟ್‌ನಲ್ಲಿ ದಿನದ ಅತಿ ಕಡಿಮೆ ದರ ತೋರಿಸುವ ಒಂದು ನೋಟ ಇದೆ. ಬೆಳಗ್ಗೆ ಇಷ್ಟರಿಂದ ಇಷ್ಟರವರೆಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು ಅಂತ ಹೊತ್ತು ಹೊತ್ತಿನ ದರ ಸಾಲಾಗಿ ಕಾಣುತ್ತದೆ. ದಿನ ಹಿಂದೆ ಮುಂದೆ ಸರಿಸುತ್ತಾ ಹೋಗುವುದು, ಯಜಮಾನರು ಪಕ್ಕದಲ್ಲಿ ಕ್ಯಾಲೆಂಡರ್ ಹಿಡಿದುಕೊಂಡು ಅವತ್ತು ಏಕಾದಶಿ, ಇವತ್ತು ಮೊಮ್ಮಗಳ ಸ್ಕೂಲು ಅಂತ ಹೇಳುವುದು. ಒಂದು ದಿನ ಆಚೀಚೆ ಆದರೆ ಇಬ್ಬರಿಗೂ ಸೇರಿ 30 ಯೂರೊ ಉಳಿಯುತ್ತದೆ ಅಂದರೆ ಏಕಾದಶಿಯನ್ನು ರೈಲಿನಲ್ಲೇ ಬಾಳೆಹಣ್ಣು ತಿಂದು ಕಳೆಯೋಣ ಅಂತಾರೆ.

ಇನ್ನೊಂದು ಆಯ್ಕೆ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ರೈಲು ಬದಲಿಸುವ ಜಾಗದಲ್ಲಿ ಕನಿಷ್ಠ ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಿಡಬಹುದು. ಸುಮ್ನೆ ಬಿಟ್ಟರೆ ಏಳೆಂಟು ನಿಮಿಷದ ಬದಲಾವಣೆಯನ್ನೂ ತೋರಿಸಿಬಿಡುತ್ತದೆ. ನನ್ನ ಮಂಡಿಗೆ ಅದು ಆಗದ ಮಾತು. ನಾನು ಅರ್ಧ ಗಂಟೆ ಅಂತ ಹಾಕುತ್ತೇನೆ, ದರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮ್ಯೂನಿಕ್ ಸ್ಟೇಷನ್‌ನಲ್ಲಿ ಕೂತು ಕಾಫಿ ಕುಡಿಯಲು ಬಿಡುವೂ ಸಿಗುತ್ತದೆ. ಜೊತೆಗೆ, ಪೂರ್ತಿ ದಾರಿಗೆ ಒಂದೇ ಟಿಕೆಟ್ ಕೊಳ್ಳಿ. ರೈಲಿನವರ ಕಡೆಯಿಂದಲೇ ತಡವಾಗಿ, ತಲುಪುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ತಡವಾಗುತ್ತದೆ ಅಂತಾದರೆ ಆ ಒಂದೇ ರೈಲಿನ ಕಟ್ಟು ಸಡಿಲಿಸುತ್ತಾರೆ, ಮುಂದಿನ ರೈಲಿಗೆ ಹತ್ತಬಹುದು. ತಲುಪುವುದು ಒಂದು ಗಂಟೆ ತಡವಾದರೆ ದರದ 25%, ಎರಡು ಗಂಟೆಯಾದರೆ 50% ವಾಪಸ್ ಕೇಳುವ ಹಕ್ಕೂ ಇದೆ. ದುಡ್ಡು ಉಳಿಸಲು ಅಂತ ದಾರಿಯನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಟಿಕೆಟ್ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಈ ರಕ್ಷಣೆ ಗಟ್ಟಿಯಾಗಿ ಸಿಗುವುದಿಲ್ಲ.

ಸೀಟು ಕಾಯ್ದಿರಿಸುವುದಕ್ಕೆ ಬೇರೆ ದುಡ್ಡು, ಎರಡನೇ ದರ್ಜೆಯಲ್ಲಿ ಒಬ್ಬರಿಗೆ 5 ಯೂರೊ ಚಿಲ್ಲರೆ. ಅದನ್ನು ನಾನು ಯಾವತ್ತೂ ಬಿಡುವುದಿಲ್ಲ. ವಯಸ್ಸಾದವರು ಐಸಿಇ ಒಳಗೆ ಸೀಟು ಹುಡುಕುತ್ತಾ ಬೋಗಿಯಿಂದ ಬೋಗಿಗೆ ನಡೆಯಬಾರದು. ಬೆನ್ನಿಗೆ ಬೆನ್ನು ಕೊಟ್ಟಿರುವ ಎರಡು ಸೀಟುಗಳ ನಡುವೆ ತಳದಲ್ಲಿ ಅಗಲವಾಗಿ, ಮೇಲೆ ಬರುತ್ತಾ ಕಿರಿದಾಗುವ ಒಂದು ಸಂದು ಇರುತ್ತದೆ. ನಮ್ಮ ಮಧ್ಯದ ಸೂಟ್‌ಕೇಸ್ ಅಲ್ಲಿ ಸರಿಯಾಗಿ ಹೋಗಿ ಕೂರುತ್ತದೆ, ಮೇಲಕ್ಕೆ ಎತ್ತುವ ಕಷ್ಟ ಇಲ್ಲ. ಅದಕ್ಕೆ ಸೀಟಿನ ನಕ್ಷೆ ನೋಡಿ ಆ ಸಂದಿನ ಪಕ್ಕದ ಸೀಟೇ ಆರಿಸುತ್ತೇನೆ. ಮೊಮ್ಮಗಳು ಜೊತೆಗೆ ಬಂದರೆ ಇನ್ನೂ ಖುಷಿ, 6ರಿಂದ 14 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಹೋದರೆ ಟಿಕೆಟ್ ಹಣವಿಲ್ಲ. ಆದರೆ ಬುಕ್ ಮಾಡುವಾಗಲೇ ಮಗುವನ್ನೂ ಸೇರಿಸಬೇಕು.

ಇಷ್ಟರವರೆಗೆ ಹೇಳಿದ್ದೆಲ್ಲ ಒಳ್ಳೆಯ ಮಾತೇ. ನನಗೆ ನಿಜವಾಗಿ ಹೊಟ್ಟೆ ಉರಿಸಿದ ವಿಷಯ ಬೇರೆ ಇದೆ, ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತದ್ದು. ಟಿಕೆಟ್ ಅಗ್ಗ ಇರುವ ಹೊತ್ತಿಗೆ ನಮ್ಮ ಕೈಯಲ್ಲಿ ವೀಸಾ ಇರುವುದಿಲ್ಲ!

ಲೆಕ್ಕ ನೋಡಿ. ಒಳ್ಳೆಯ ದರ ಸಿಗುವುದು ಮೂರು ನಾಲ್ಕು ತಿಂಗಳು ಮೊದಲು. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗನ್ ವೀಸಾಕ್ಕೆ ಅರ್ಜಿ ಹಾಕಲು ಆರು ತಿಂಗಳು ಮೊದಲೇ ಬಿಡುತ್ತಾರೆ, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಅಂತಲೂ ನಿಯಮದಲ್ಲಿದೆ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ. ಆದರೆ ಬೇಸಿಗೆ ರಜೆಗೆ ಹೋಗುವವರೆಲ್ಲ ಒಟ್ಟಿಗೇ ಮುಗಿಬೀಳುವಾಗ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗಬೇಕಲ್ಲ? ಒಂದು ಬೇಸಿಗೆ ನಮಗೆ ಸಿಕ್ಕ ತಾರೀಕೇ ತಡ, ಪಾಸ್‌ಪೋರ್ಟ್ ಮನೆಗೆ ಬಂದದ್ದು ಇನ್ನೂ ತಡ. ಹೊರಡುವ ದಿನ ಮುಂದೆ ಹೋಯಿತು. ವಿಮಾನದವರು ದಂಡ ಕಟ್ಟಿಸಿಕೊಂಡು ದಿನ ಬದಲಿಸಿಕೊಟ್ಟರು. ಬರ್ಲಿನ್‌ಗೆ ಹೋಗಿ ಬರುವ ಸೂಪರ್ ಶ್ಪಾರ್‌ಪ್ರೈಸ್, ವೆನಿಸ್‌ಗೆ ಕೊಂಡಿದ್ದ ಟಿಕೆಟ್, ಎರಡೂ ಪೂರ್ತಿ ಹೋದವು. ಒಂದು ರೂಪಾಯಿ ಬರಲಿಲ್ಲ.

ಅದೇ ಟಿಕೆಟ್‌ಗಳಲ್ಲಿ ಒಂದನ್ನು ನಾವು ಒಂದು ಮಧ್ಯವರ್ತಿ ಆಪ್‌ನಲ್ಲಿ ಕೊಂಡಿದ್ದೆವು, ರೂಪಾಯಿಯಲ್ಲೇ ಕಟ್ಟಬಹುದು ಅಂತ. ಅವರ ಸೇವಾ ಶುಲ್ಕ ಬೇರೆ, ಯೂರೊಗೆ ಅವರು ಹಾಕಿದ ದರ ಬೇರೆ. ರದ್ದು ಮಾಡಿ ಅಂತ ಬರೆದರೆ ವಾರಗಟ್ಟಲೆ ಬಂದದ್ದು ಒಂದೇ ಸಿದ್ಧ ಉತ್ತರ. ಆಮೇಲೆ ಆ ದಾರಿ ಬಿಟ್ಟೆ. ರೈಲು ಇಲಾಖೆಯ ಸೈಟ್‌ನಲ್ಲೇ ನೇರವಾಗಿ ಕೊಳ್ಳಿ, ಅದೇ ಟಿಕೆಟ್, ಮೇಲೆ ಯಾರ ಪಾಲೂ ಇಲ್ಲ.

ಹಣ ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಮಗಳ ಪಕ್ಕದ ಮನೆಯ ಜರ್ಮನ್ ಅಜ್ಜಿಗೆ ಇದೇ ಟಿಕೆಟ್ 20 ಯೂರೊ ಅಂದರೆ 20 ಯೂರೊ, ಬರೀ ಲಾಭ. ನಮಗೆ ಅದೇ 20 ಯೂರೊ ಒಂದು ಪಣ. ಬೇಗ ಕೊಂಡರೆ ಮುಳುಗಬಹುದು, ಕಾದರೆ ನಾಲ್ಕು ಪಟ್ಟು ಕೊಡಬೇಕು. ಆ ಮೇಲೆ ವೀಸಾ ಶುಲ್ಕ 2024ರ ಜೂನ್‌ನಿಂದ 80 ಯೂರೊ ಇದ್ದದ್ದು 90 ಆಗಿದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬೇಗ ಕೊಳ್ಳಿ, ಉಳಿಸಿ ಅಂತ ಹೇಳುವವರು ಈ ಮಾತನ್ನೂ ಸೇರಿಸಿ ಹೇಳಬೇಕಲ್ವಾ?

ಆ ವರ್ಷದ ನಂತರ ನಮ್ಮ ರೀತಿ ಬದಲಾಯಿತು. ವೀಸಾ ಕೈಗೆ ಬರುವವರೆಗೆ ಸೂಪರ್ ಅನ್ನೋದನ್ನು ಮುಟ್ಟುವುದಿಲ್ಲ. ತೀರಾ ಒಳ್ಳೆಯ ದರ ಕಂಡರೆ ಮಾಮೂಲಿ ಶ್ಪಾರ್‌ಪ್ರೈಸ್ ಕೊಳ್ಳುತ್ತೇವೆ, ಎರಡಕ್ಕೂ ವ್ಯತ್ಯಾಸ ಕೆಲವು ಯೂರೊ ಇರುತ್ತದೆ, ಆ ವ್ಯತ್ಯಾಸವೇ ನಮಗೆ ಇನ್ಶೂರೆನ್ಸ್. ವೀಸಾ ಅರ್ಜಿಗೆ ದಿನದಿನದ ಕಾರ್ಯಕ್ರಮ ಬರೆದು ಕೊಡುತ್ತೇವೆ, ಅಲ್ಲಿ ಸುತ್ತಾಡುವ ರೈಲಿಗೆಲ್ಲ ದುಡ್ಡು ಕಟ್ಟಿ ತೋರಿಸುವ ಗೋಜಿಗೆ ಹೋಗುವುದಿಲ್ಲ.

ಈಗ ನನ್ನ ಸಿಟ್ಟು ಸುಮಾರು ಇಳಿದಿದೆ. ಕಾರಣ ರೈಲಿನವರಲ್ಲ, ವೀಸಾ ನಿಯಮ. 2024ರ ಏಪ್ರಿಲ್ 18ರಂದು ಯುರೋಪಿಯನ್ ಕಮಿಷನ್ ಭಾರತದಲ್ಲಿರುವ ಭಾರತೀಯರಿಗಾಗಿಯೇ ಒಂದು ಹೊಸ ಕ್ರಮ ತಂದಿತು. ಹಿಂದಿನ ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದಾದ ವೀಸಾ ಸಿಗಬಹುದು. ಆಮೇಲೆ ಪಾಸ್‌ಪೋರ್ಟ್‌ನ ಅವಧಿ ಸಾಕಷ್ಟಿದ್ದರೆ ಐದು ವರ್ಷದ್ದು. ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ ಅನ್ನೋ ನಿಯಮ ಹಾಗೇ ಇದೆ. ನಮಗೆ ಎರಡು ವರ್ಷದ್ದು ಸಿಕ್ಕಿತು. ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ವೆನಿಸ್‌ಗೆ ಹೋಗುವ ರೈಲಿಗೆ ಕಿಟಕಿ ಪಕ್ಕದ ಸೀಟು ಕೊಂಡೆ. ಮೊದಲ ಸಲ ಎದೆ ಹೊಡೆದುಕೊಳ್ಳದೆ ದುಡ್ಡು ಕಟ್ಟಿದ್ದು. ಆ ದಾರಿ ಹಗಲಿನಲ್ಲೇ ಹೋಗಿ, ಇನ್ಸ್‌ಬ್ರುಕ್ ದಾಟಿದ ಮೇಲೆ ರೈಲು ಬೆಟ್ಟ ಹತ್ತುವುದನ್ನು ನೋಡುವುದೇ ಚೆಂದ.

ಇಟಲಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಸರ್ಕಾರಿ ಟ್ರೆನಿಟಾಲಿಯಾಕ್ಕೆ 2012ರಿಂದ ಇಟಾಲೊ ಅನ್ನೋ ಖಾಸಗಿ ರೈಲಿನ ಪೈಪೋಟಿ ಇದೆ, ಹಾಗಾಗಿ ರೋಮ್, ಫ್ಲಾರೆನ್ಸ್, ಮಿಲಾನ್ ನಡುವಿನ ವೇಗದ ರೈಲಿಗೆ ಎರಡೂ ಕಡೆ ನೋಡಿ ಮೊದಲೇ ಕೊಳ್ಳಿ. ವೆನಿಸ್‌ನಿಂದ ಪಡುವಾ ಥರದ ಹತ್ತಿರದ ಊರಿಗೆ ಪ್ಯಾಸೆಂಜರ್ ರೈಲಿನ ದರ ಯಾವತ್ತು ಕೊಂಡರೂ ಒಂದೇ. ಅದಕ್ಕೆ ಇಲ್ಲಿಂದಲೇ ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ಜರ್ಮನಿಯಲ್ಲೂ ತಿಂಗಳಿಡೀ ಇರುವವರು ಡಾಯ್ಚ್‌ಲಾಂಡ್‌ಟಿಕೆಟ್ ಅನ್ನೋ ತಿಂಗಳ ಪಾಸ್ ನೋಡಿ. 2023ರ ಮೇನಲ್ಲಿ 49 ಯೂರೊಗೆ ಶುರುವಾದದ್ದು, 2025ರಲ್ಲಿ 58 ಇತ್ತು. ಐಸಿಇಗೆ ನಡೆಯುವುದಿಲ್ಲ, ಆದರೆ ಊರೊಳಗಿನ ಬಸ್ಸು, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ನ್ಯೂರೆಂಬರ್ಗ್‌ನಿಂದ ಮ್ಯೂನಿಕ್‌ಗೆ ನಾವು ಅದರಲ್ಲೇ ಹೋಗುತ್ತೇವೆ. ಅದು ತಿಂಗಳು ತಿಂಗಳು ತಾನಾಗಿಯೇ ಮುಂದುವರಿಯುತ್ತದೆ, ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು.

ವಿಮಾನ ಇಳಿಯುವ ದಿನಕ್ಕೆ ಮಾತ್ರ ಒಂದೇ ರೈಲಿಗೆ ಕಟ್ಟಿಹಾಕುವ ಟಿಕೆಟ್ ಬೇಡವೇ ಬೇಡ. ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಲ್ಲೇ ದೂರದ ರೈಲುಗಳ ಸ್ಟೇಷನ್ ಇದೆ, ನ್ಯೂರೆಂಬರ್ಗ್ ಅಲ್ಲಿಂದ ಎರಡೂವರೆ ಗಂಟೆ. ಆದರೆ ವಿಮಾನ ತಡವಾದರೆ, ಇಮಿಗ್ರೇಷನ್ ಸಾಲು ಉದ್ದವಿದ್ದರೆ ರೈಲಿನವರಿಗೆ ಅದು ಸಂಬಂಧವಿಲ್ಲದ ವಿಷಯ. ಅವತ್ತಿಗೆ ನಾವು ಫ್ಲೆಕ್ಸ್‌ಪ್ರೈಸ್ ಕೊಳ್ಳುತ್ತೇವೆ, ದುಬಾರಿಯಾದರೂ ಸರಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಇಳಿದ ಮೇಲೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ಬ್ಯಾಗ್ ಎಳೆದುಕೊಂಡು ಪ್ಲಾಟ್‌ಫಾರ್ಮ್‌ಗೆ ಓಡುವುದು ನಮ್ಮ ವಯಸ್ಸಿಗೆ ಬೇಡ.

ದುಡ್ಡು ಕಟ್ಟುವ ಬಗ್ಗೆ. 2020ರಿಂದ ಕಾರ್ಡ್‌ಗಳಲ್ಲಿ ವಿದೇಶದ ಆನ್‌ಲೈನ್ ಪಾವತಿ ನಾವಾಗಿ ತೆರೆದರೆ ಮಾತ್ರ ನಡೆಯುತ್ತದೆ, ಹಾಗಾಗಿ ಬ್ಯಾಂಕ್ ಆಪ್‌ನಲ್ಲಿ ಮೊದಲು ಅದನ್ನು ಆನ್ ಮಾಡಿಕೊಳ್ಳಿ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಹಣಕ್ಕೆ 3.5% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ. ಈ ಶುಲ್ಕ ಇಲ್ಲದ ಕಾರ್ಡ್‌ಗಳೂ ಇವೆ, ಮಗಳು ಹೇಳಿದ ಮೇಲೆ ನಾವು ಅಂಥದ್ದೊಂದು ಮಾಡಿಸಿಕೊಂಡೆವು. ಓಟಿಪಿ ಇಲ್ಲಿನ ನಂಬರ್‌ಗೇ ಬರುವುದರಿಂದ ಟಿಕೆಟ್ ಕೆಲಸವನ್ನೆಲ್ಲ ಹೊರಡುವ ಮೊದಲೇ ಇಲ್ಲೇ ಮುಗಿಸುತ್ತೇವೆ. ಟಿಕೆಟ್ ಫೋನ್‌ನಲ್ಲಿ ಇದ್ದರೂ ಯಜಮಾನರು ಗಾಂಧಿಬಜಾರ್‌ನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪ್ರಯಾಣದ ದಿನದ ಪ್ರಕಾರ ಜೋಡಿಸಿ, ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳುತ್ತಾರೆ. ಟಿಕೆಟ್ ಮೇಲಿರುವ ಹೆಸರಿಗೆ ಗುರುತಿನ ಚೀಟಿ ಕೇಳುತ್ತಾರೆ, ಅದಕ್ಕೆ ಬುಕ್ ಮಾಡುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಿ, ಮನೆಯಲ್ಲಿ ಕರೆಯುವ ಹೆಸರು ಬೇಡ.