ಮೇಟಗಳ್ಳಿಯ ಲೇತ್ ಅಂಗಡಿ ಮತ್ತು ವಿಮಾನದ ನಡುಗುವ ಮುಂಚಕ್ರ

ಕೆಲಸಕ್ಕೆ ಐದಕ್ಕೆ ಐದು, ಹೇಳಿದ ದಿನ ಕೊಡುವುದಕ್ಕೆ ಐದಕ್ಕೆ ಎರಡು. ಮೈಸೂರಿನ ಮೇಟಗಳ್ಳಿ ಕಡೆ ಒಂದು ಅಡ್ಡರಸ್ತೆಯಲ್ಲಿರುವ ಎರಡೇ ಲೇತಿನ ಅಂಗಡಿ ಇದು. "ಹೆಸರು ಹಾಕ್ಬೇಡಿ ಸಾರ್, ಇರೋ ಕೆಲ್ಸನೇ ಮುಗೀತಿಲ್ಲ" ಎಂದು ಮೇಸ್ತ್ರಿ ಕೈಮುಗಿದಿದ್ದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ಬಾಗಿಲ ಪಕ್ಕ ಮಂಡ್ಯ ಕಡೆಯ ಆಲೆಮನೆಗಳಿಂದ ಬಂದ ಗಾಣದ ರೋಲರುಗಳು ಸಾಲಾಗಿ ಬಿದ್ದಿರುತ್ತವೆ. ಹುಡುಕುವವರಿಗೆ ಅಷ್ಟು ಸಾಕು.

ನಾವು ಹೊತ್ತುಕೊಂಡು ಹೋದದ್ದು ಗಾಣದ ರೋಲರ್ ಅಲ್ಲ, ವಿಮಾನದ ಮುಂಚಕ್ರದ ಫೋರ್ಕ್, ಅಂದರೆ ಚಕ್ರವನ್ನು ಹಿಡಿದಿರುವ ಕವಲು. ನನ್ನ ಅಕ್ಕನ ಮಗ ಶ್ರೀರಂಗಪಟ್ಟಣದ ಆಚೆ ಒಂದು ಶೆಡ್ಡಿನಲ್ಲಿ ಕಿಟ್ ತರಿಸಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾನೆ. ಪರವಾನಗಿಯ ಕಾಗದಪತ್ರ ಮುಗಿದಿಲ್ಲ, ಇನ್ನೂ ಹಾರಿಲ್ಲ. ನೆಲದ ಮೇಲೆ ಓಡಿಸಿ ನೋಡುವ ಹಂತ. ಗಂಟೆಗೆ 30 ಕಿಮೀ ದಾಟುತ್ತಿದ್ದಂತೆ ಮುಂಚಕ್ರ ಎಡಕ್ಕೂ ಬಲಕ್ಕೂ ಪಟಪಟ ಹೊಡೆದುಕೊಳ್ಳುತ್ತಿತ್ತು. ಎದುರಿನ ಮೀಟರುಗಳನ್ನು ಓದಲಾಗದಷ್ಟು ನಡುಕ. ವೇಗ ಇಳಿಸಿದರೆ ತಾನಾಗಿಯೇ ನಿಲ್ಲುತ್ತಿತ್ತು. ವಿಮಾನದವರು ಇದನ್ನು ಶಿಮ್ಮಿ ಅನ್ನುತ್ತಾರೆ.

ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ವಿಮಾನ ನನಗೆ ಹೊಸದು, ಈ ರೋಗ ಹೊಸದಲ್ಲ. ರೈಲಿನ ಗಾಲಿಜೋಡಿಗೂ ಇದರ ಅಣ್ಣ ಒಬ್ಬನಿದ್ದಾನೆ, ಹಂಟಿಂಗ್ ಅಂತ. ಗಾಲಿಯ ಮೈಗೆ 1:20 ಓರೆ ಕೊಟ್ಟಿರುವುದರಿಂದ ಅದು ಹಳಿಯ ಮೇಲೆ ಎಡಬಲ ವಾಲುತ್ತ ಓಡುತ್ತದೆ. ಈ ಓಲಾಟದ ಲೆಕ್ಕವನ್ನು ಜರ್ಮನಿಯ ಕ್ಲಿಂಗೆಲ್ 1883ರಲ್ಲೇ ಬರೆದಿಟ್ಟಿದ್ದ. ಎಲ್‌ಎಚ್‌ಬಿ ಎಂಬ ಮಾದರಿಯ ರೈಲು ಕೋಚಿನಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟಿಗೆ 'ಯಾ ಡ್ಯಾಂಪರ್' ಎಂಬ ಓಲಾಟ ತಗ್ಗಿಸುವ ಸಾಧನ ಕೂರಿಸುವುದು ಇದನ್ನು ಹಿಡಿದಿಡಲಿಕ್ಕೇ. ವಿಮಾನದ ಮುಂಚಕ್ರದಲ್ಲಿ ಓರೆ ಇಲ್ಲ, ಬದಲಿಗೆ ರಬ್ಬರ್ ಇದೆ. ಚಕ್ರವು ಫೋರ್ಕ್ ಎಡಬಲ ತಿರುಗುವ ಪಿನ್ನಿಗಿಂತ ಹಿಂದೆ ಎಳೆದುಕೊಂಡು ಬರುತ್ತದೆ. ಟೈರು ಪಕ್ಕಕ್ಕೆ ಬಾಗಿ, ತಡವಾಗಿ ವಾಪಸ್ ಬಂದು, ನಡುವಿನಲ್ಲಿ ನಿಲ್ಲದೆ ಆಚೆಗೂ ಹೋಗಿಬಿಡುತ್ತದೆ. ಇದಕ್ಕೆ ಶಕ್ತಿ ಸಿಗುವುದು ಮುಂದೋಟದಿಂದಲೇ. ಹಾಗಾಗಿ ರನ್‌ವೇ ಎಷ್ಟೇ ನುಣುಪಾಗಿದ್ದರೂ ನಡುಕ ಬರಬಹುದು.

ಮದ್ದು ಘರ್ಷಣೆ. ನಮ್ಮ ಕಿಟ್‌ನಲ್ಲಿ ಡ್ಯಾಂಪರ್ ಇಲ್ಲ. ಪಿನ್ನಿನ ತಲೆಯಲ್ಲಿ ಬಟ್ಟಲಿನಾಕಾರದ ಬೆಲ್‌ವಿಲ್ ವಾಷರುಗಳು, ಮೇಲೆ ಕ್ಯಾಸಲ್ ನಟ್. ಮೂತಿಯನ್ನು ನೆಲದಿಂದ ಎತ್ತಿ, ಆಕ್ಸಲ್‌ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಪಕ್ಕಕ್ಕೆ ಎಳೆದಾಗ ಫೋರ್ಕ್ ಕದಲಲು ಸುಮಾರು 10 ಕೆಜಿ ಬೇಕು ಎಂದು ನಮ್ಮ ಕಿಟ್‌ನ ಪುಸ್ತಕ ಹೇಳುತ್ತದೆ. ನಮ್ಮದು ನಾಲ್ಕಕ್ಕೇ ಕದಲುತ್ತಿತ್ತು. ಮೊದಲು ತೋರಿಸಿದ ಇನ್ನೊಂದು ಕಡೆಯವರು (ಹೆಸರು ಬೇಡ) ನಟ್ ಬಿಗಿ ಮಾಡಿ ಹತ್ತಕ್ಕೆ ತಂದು, ಸರಿಹೋಯಿತು ಅಂದರು. ನಡುಕ 40 ಕಿಮೀವರೆಗೆ ಸುಮ್ಮನಿದ್ದು, ಆಮೇಲೆ ಮೊದಲಿಗಿಂತ ಜೋರಾಗಿ ಬಂತು. ಟೈರ್ ಬ್ಯಾಲೆನ್ಸ್ ಅಷ್ಟರಲ್ಲಿ ನಾವೇ ನೋಡಿಯಾಗಿತ್ತು: ಟೈರಿನ ಹಗುರ ಕಡೆಯ ಕೆಂಪು ಚುಕ್ಕೆ ವಾಲ್ವ್‌ನ ಪಕ್ಕದಲ್ಲೇ ಸರಿಯಾಗಿ ಕೂತಿತ್ತು. ಗಾಳಿಯೂ ಸರಿಯಿತ್ತು. ಆದರೆ ಚಕ್ರ ಹಿಡಿದು ಅಲ್ಲಾಡಿಸಿದರೆ ಒಳಗೆಲ್ಲೋ 'ಟಕ್' ಅನ್ನುತ್ತಿತ್ತು. ತಕ್ಕಡಿ ಹತ್ತು ತೋರಿಸಿದರೂ ಬುಷ್‌ನಲ್ಲಿ (ಪಿನ್ ಕೂರುವ ಲೋಹದ ಕೊಳವೆಯಲ್ಲಿ) ಸಡಿಲಿದ್ದರೆ, ಆ ಸಡಿಲಿನೊಳಗಿನ ಓಲಾಟಕ್ಕೆ ವಾಷರಿನ ಹಿಡಿತ ತಾಗುವುದೇ ಇಲ್ಲ. ನಟ್ ಬಿಗಿ ಮಾಡುವುದೆಂದರೆ ರೋಗವನ್ನು ಮುಚ್ಚಿಡುವುದು. ಅತಿಯಾಗಿ ಬಿಗಿದರೆ ಇನ್ನೊಂದು ತಾಪತ್ರಯ: ಇಂಥ ವಿಮಾನ ನೆಲದಲ್ಲಿ ತಿರುಗುವುದು ಎಡಬಲ ಬ್ರೇಕಿನಿಂದ, ಆಗ ಬ್ರೇಕ್ ಸವೆಯುತ್ತದೆ, ಮುಂಗಾಲು ತಿರುಚಿಕೊಳ್ಳುತ್ತದೆ.

ಈ ಅಂಗಡಿಯ ಗುಣ ಕಂಡದ್ದು ಇಲ್ಲೇ. ಮೇಸ್ತ್ರಿ ಫೋರ್ಕ್ ಕೈಗೆ ತೆಗೆದುಕೊಳ್ಳಲೇ ಇಲ್ಲ. "ಇದ್ರ ಪಿನ್ನೆಲ್ಲಿ ಸಾರ್? ಪಿನ್ ನೋಡ್ದೆ ಬುಷ್ ಯಾರಿಗೆ ಹೊಲೀಲಿ?" ಹುಡುಗ ಮುಖ ಸಿಂಡರಿಸಿ, "ಮಾವ, ಅಳತೆ ಡ್ರಾಯಿಂಗಿನಲ್ಲೇ ಇದೆಯಲ್ಲ" ಅಂದ. ಮೇಸ್ತ್ರಿ ಡ್ರಾಯಿಂಗ್ ಮಡಚಿ ವಾಪಸ್ ಕೊಟ್ಟರು. ಮುಂಗಾಲನ್ನೇ ಬಿಚ್ಚಿ ತಂದ ಮೇಲೆ ಪಿನ್ನನ್ನು ಮೈಕ್ರೋಮೀಟರಿನಲ್ಲಿ, ತೂತನ್ನು ಬೋರ್ ಗೇಜಿನಲ್ಲಿ, ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಂಡರು. ಪಿನ್ ಚೆನ್ನಾಗಿತ್ತು. ಬುಷ್ ನಡುವಿನಲ್ಲಿ ಸರಿ, ಎರಡೂ ಬಾಯಿಗಳಲ್ಲಿ 0.3 ಮಿಮೀ ಅಗಲ. "ಕೈಯಲ್ಲಿ ರೀಮರ್ ಹೊಡ್ದವ್ರೆ, ಕೈ ಆಡಿದೆ" ಎಂಬುದು ಅವರ ತೀರ್ಪು. ರೀಮರ್ ಅಂದರೆ ತೂತನ್ನು ಅಳತೆಗೆ ತಕ್ಕಂತೆ ಅಗಲಿಸುವ ಉಪಕರಣ. ಕಿಟ್ ಜೋಡಿಸುವಾಗ ಆ ಕೆಲಸ ಹೊರಗೆ ಮಾಡಿಸಿದ್ದು ನಿಜವೇ.

ಹೊಸ ಬುಷ್ ಗನ್ ಮೆಟಲ್‌ನಲ್ಲಿ ಮಾಡಿದರು. ಮೊದಲೇ ಪೂರ್ತಿ ಅಳತೆಗೆ ಕೊರೆಯದೆ ಸ್ವಲ್ಪ ಬಿಟ್ಟು, ಫೋರ್ಕಿಗೆ ಒತ್ತಿ ಕೂರಿಸಿ, ಆಮೇಲೆ ಬೋರ್ ಮಾಡಿದರು. ಒತ್ತಿದಾಗ ಬುಷ್ ಒಳಕ್ಕೆ ಬಿಗಿದು ತೂತು ಕಿರಿದಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದವರೇ ಆಮೇಲೆ ರೀಮರ್ ಹಿಡಿದು ಒದ್ದಾಡುವುದು. ಕೊನೆಗೆ ಬಿಟ್ಟ ಸಂದು 0.04 ಮಿಮೀ. ಗ್ರೀಸ್ ಹರಿಯಲು ಒಂದು ಸಣ್ಣ ತೋಡು ತೆಗೆದುಕೊಟ್ಟರು. ಫೋರ್ಕನ್ನು ಕಾಯಿಸಿ ಕೂರಿಸಿದರೆ ಬೇಗ ಆಗುತ್ತಿತ್ತೇನೋ, "ಬೆಸುಗೆ ಇರೋ ಉಕ್ಕು, ಬೆಂಕಿ ತೋರ್ಸಲ್ಲ" ಎಂದು ಪ್ರೆಸ್ಸಿನಲ್ಲೇ ಮಾಡಿದರು. ಆ ಮಾತಿಗೇ ನನಗೆ ಅವರ ಮೇಲೆ ಗೌರವ ಬಂತು.

ಇನ್ನೊಂದು ಸಣ್ಣ ಜಾಣತನ. ಕ್ಯಾಸಲ್ ನಟ್‌ಗೆ ಆರು ಕಚ್ಚು, ಪಿನ್ನಿಗೆ ಅಡ್ಡಲಾಗಿ ಒಂದೇ ತೂತು. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೂರಬೇಕಾದರೆ ನಟ್ ಒಂದು ಸಲಕ್ಕೆ 60 ಡಿಗ್ರಿ ತಿರುಗಲೇಬೇಕು. ಒಂದು ಕಚ್ಚಿಗೆ 7 ಕೆಜಿ, ಮುಂದಿನದಕ್ಕೆ 14. ಹೊಸ ತೂತು ಕೊರೆಯೋಣವೇ ಅಂದ ಹುಡುಗನಿಗೆ ಅವರು ಉತ್ತರವನ್ನೂ ಕೊಡದೆ ತೆಳು ಶಿಮ್ ತಗಡಿನಲ್ಲಿ ಒಂದು ಬಳೆ ಕತ್ತರಿಸಿ ವಾಷರಿನ ಕೆಳಗೆ ಹಾಕಿದರು. ತಕ್ಕಡಿ ಹತ್ತಕ್ಕೆ ನಿಂತಿತು.

ಬೈಯಬೇಕಾದದ್ದೂ ಇದೆ. ನಾಳೆ ಅಂದರೆ ನಾಳೆಯಲ್ಲ. ಕಬ್ಬು ಅರೆಯುವ ಕಾಲದಲ್ಲಂತೂ ಗಾಣದವರದ್ದೇ ಮೊದಲ ಪಾಳಿ. ಗ್ರೀಸ್ ತೂತಿನಲ್ಲಿ ಲೋಹದ ಸಿಬಿರು ಹಾಗೇ ಬಿಟ್ಟಿದ್ದರು, ನಾವು ಸೀಮೆಎಣ್ಣೆಯಲ್ಲಿ ತೊಳೆದೆವು. ಬಿಚ್ಚಿದ ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ತೂರಿಸಲು ಹೊರಟಿದ್ದರು. ಟ್ರ್ಯಾಕ್ಟರಿಗೆ ನಡೆಯಬಹುದು, ಇದಕ್ಕೆ ಕೂಡದು. ಹೊಸ ಸ್ಪ್ಲಿಟ್ ಪಿನ್ ನೀವೇ ತೆಗೆದುಕೊಂಡು ಹೋಗಿ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಎಲ್ಲ ಸೇರಿ 2,200 ರೂಪಾಯಿ ಆಯಿತು. ಅಳತೆಗೆ ಹಿಡಿದ ಹೊತ್ತು ನೋಡಿದರೆ ಕಡಿಮೆಯೇ.

ಚಕ್ರ ಈಗ 60 ಕಿಮೀವರೆಗೆ ತೆಪ್ಪಗಿದೆ, ಅದಕ್ಕಿಂತ ಹೆಚ್ಚು ಇನ್ನೂ ಓಡಿಸಿಲ್ಲ. ಹೊಸ ವಾಷರುಗಳು ಕೂತುಕೊಂಡು ಹಿಡಿತ ಸಡಿಲವಾಗುತ್ತದೆ, ಹಾಗಾಗಿ ತಕ್ಕಡಿ ಶೆಡ್ಡಿನ ಗೋಡೆಯಲ್ಲೇ ನೇತಾಡುತ್ತಿದೆ.

ಫ್ಲೈಯಿಂಗ್ ಸ್ಕೂಲಿನ ವಿಮಾನದ ಭಾಗ ಹಿಡಿದುಕೊಂಡು ಇಲ್ಲಿಗೆ ಹೋಗಬೇಡಿ. ಅದಕ್ಕೆ ಲೈಸೆನ್ಸ್ ಇರುವ ಎಂಜಿನಿಯರೂ ಅನುಮೋದನೆ ಇರುವ ವರ್ಕ್‌ಶಾಪೂ ಬೇಕು. ನಡುಕ ಹಿಂದಿನ ಎರಡು ಕಾಲುಗಳದ್ದಾಗಿದ್ದರೂ ಇಲ್ಲಿ ಕೆಲಸವಿಲ್ಲ: ಸ್ಪ್ರಿಂಗ್ ಸ್ಟೀಲಿನ ಸರಳು ಹಿಂದೆಮುಂದೆ ಅದುರುವುದು ಬೇರೆ ರೋಗ, ಕಟ್ಟುವವರು ಅದಕ್ಕೆ ಮರದ ಪಟ್ಟಿ ಇಟ್ಟು ಫೈಬರ್ ಗ್ಲಾಸ್ ಸುತ್ತುತ್ತಾರೆ. ಮುಂಚಕ್ರದ್ದೇ ಅಂತ ಖಾತ್ರಿಯಾದರೆ ಫೋರ್ಕ್, ಪಿನ್, ವಾಷರ್, ನಟ್ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಬೆಳಿಗ್ಗೆ ಗಾಣದವರು ಬರುವ ಮುಂಚೆ ಹೋಗಿ.